ಮೂರು ಸಲ ತೊಳೆದ ಹರಳು

ನಮ್ಮ ಮಂಡ್ಯದ ಕಾಲೇಜು ಲ್ಯಾಬಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ ಸವಿತಾ, ನೇರಳೆ ಟಾರ್ಚು ಬಿಟ್ಟರೆ ನೀಲಿ ಬೆಳಕು ಕೊಡುವ ಪೆರೋವ್‌ಸ್ಕೈಟ್ ಎಂಬ ವಸ್ತುವಿನ ಅತಿ ಸಣ್ಣ ನ್ಯಾನೊಹರಳು ಮಾಡುತ್ತಿದ್ದಳು. ಲ್ಯಾಬ್ ನೋಡಿಕೊಳ್ಳುವವನು ನಾನು. ಈ ಹರಳುಗಳ ಮೈಗೆ ಲಿಗ್ಯಾಂಡ್ ಎಂಬ ಜಿಡ್ಡಿನ ಹೊದಿಕೆ ಇರುತ್ತದೆ. ನನಗೆ ಜಿಡ್ಡು ಕಂಡರಾಗದು, ಮೂರು ಸಲ ತೊಳೆದುಕೊಡುತ್ತಿದ್ದೆ. ಮಾರನೇ ದಿನಕ್ಕೆ ನೀಲಿ ಹೋಗಿ ಹಸಿರಾಗಿರುತ್ತಿತ್ತು. ಸೋಮವಾರವೂ ನೀಲಿ ಕಾಣದಿದ್ದರೆ ಈ ಕೆಲಸವನ್ನೇ ಕೈಬಿಡು ಎಂದಿದ್ದರು ಅವಳ ಗೈಡು.

ಶನಿವಾರ ಮಳವಳ್ಳಿ ಬಸ್ಸಿನಲ್ಲಿ ಪಕ್ಕದಲ್ಲಿ ಬಂಡೂರಿನ ಕುರಿ ಸಾಕುವ ಯಜಮಾನರು ಕೂತಿದ್ದರು. ಹಸಿರಾಗಿ ಕೆಟ್ಟ ಹರಳಿನ ಸೀಸೆಯೊಂದು ನನ್ನ ಜೇಬಿನಲ್ಲಿತ್ತು. ತೆಗೆದು ನೇರಳೆ ಟಾರ್ಚು ಬಿಟ್ಟೆ.

"ಇದು ಕುರಿ ಪರೀಕ್ಷೆ ಔಷಧಿ ಯಜಮಾನ್ರೆ. ಅಸಲಿ ಬಂಡೂರು ಕುರಿ ಹತ್ರ ಹಿಡಿದ್ರೆ ನೀಲಿ, ಬೆರಕೆ ಆದ್ರೆ ಹಸಿರು."

"ನಿನ್ ಕೈಲಿ ಅಸ್ರುಗೇ ಒಳೀತದಲ್ಲಪ್ಪ. ಅಂಗಾರೆ ನೀನೇ ಬೆರಕೆ ಕಣಪ್ಪ."

ಹಿಂದಿನ ಸೀಟಿನವರೂ ನಕ್ಕರು. ಮಾನ ಹೋದ ಮೇಲೆ ನಿಜ ಹೇಳಿದೆ. ಮೈಮೇಲಿನ ಜಿಡ್ಡು ಹೋಗಲೆಂದು ಎಷ್ಟು ತೊಳೆದರೂ ಹರಳುಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ದಪ್ಪವಾದರೆ ಹಸಿರಾಗುತ್ತವೆ ಎಂದೆ.

"ಉಣ್ಣೆ ಕತ್ತರಿಸಿದ್ ದಿನ ನಮ್ ಕುರಿನೂ ಒಂದರ ಮೈಗೊಂದು ಒತ್ಕಂಡು ನಿಂತ್ಕತ್ತವೆ. ಮೈಮೇಲಿನ ಜಿಡ್ಡು ಯಾಕ್ ಕೀಳ್ತೀಯಾ? ಬುಡು ಅತ್ಲಾಗೆ."

ಭಾನುವಾರ ಸವಿತಾ ಮಾಡಿದ ಹೊಸ ಹರಳನ್ನು ಒಂದೇ ಸಲ ತೊಳೆದು ಕೈಕಟ್ಟಿ ಕೂತೆ. ಸೋಮವಾರ ಸೀಸೆ ನೀಲಿಯಾಗಿಯೇ ಇತ್ತು. ಗೈಡು ಮುಂದುವರಿಸು ಎಂದರು.

"ಸಾರ್, ನಿಮಗೆ ಹೆಂಗೆ ಗೊತ್ತಾಯ್ತು?" ಎಂದಳು ಸವಿತಾ.

ಜಪಾನಿನವರ ಒಂದು ಪೇಪರಿನಲ್ಲಿ ಓದಿದ್ದೆ ಎಂದುಬಿಟ್ಟೆ. ತನ್ನ ಪ್ರಬಂಧದಲ್ಲಿ ಅದರ ಹೆಸರು ಹಾಕಲೇಬೇಕಂತೆ. ಇವತ್ತಿಗೂ ಹುಡುಕುತ್ತಿದ್ದಾಳೆ. ಬಿಡುವಿದ್ದಾಗ ನಾನೂ ಪಕ್ಕದಲ್ಲಿ ಕೂತು ಹುಡುಕಿಕೊಡುತ್ತೇನೆ.