ಗೇಟಿನಾಚೆ ನಿಲ್ಲುತ್ತಿದ್ದವಳು

ಅವತ್ತು ಕೊಟ್ಟಿಗೆ ಗುಡಿಸಿ, ರೊಟ್ಟಿಗೆ ಹಿಟ್ಟು ಬೇಯಿಸಿಟ್ಟು, ಕಣದಲ್ಲಿ ಕಾಫಿ ಬೀಜ ಒಣಗಲು ಹರವಿದ್ದೆ. ನಮ್ಮೂರಿನ ಆಶಾ ಕಾರ್ಯಕರ್ತೆ ಬಂದು ಗೇಟಿನಾಚೆಯಿಂದಲೇ ಅತ್ತೆಯ ಬಿಪಿ ಮಾತ್ರೆ ವಿಚಾರಿಸಿದಳು, ಸೆರಗನ್ನು ಮೂಗಿಗೆ ಹಿಡಿದುಕೊಂಡು.

"ಒಳಗೆ ಬಾರೇ ಮಾರಾಯ್ತಿ," ಎಂದೆ.

"ಇಲ್ಲೇ ಇರ್ತೀನಕ್ಕ."

ಯಾವಾಗಲೂ ಅದೇ ಮಾತು. ಮೊದಲೆಲ್ಲ ಸೀದಾ ಅಡುಗೆಮನೆಗೆ ಬಂದು ತಾನೇ ಕಾಫಿ ಬಗ್ಗಿಸಿಕೊಳ್ಳುತ್ತಿದ್ದವಳು. ಕೊರೋನಾ ಕಾಲದಲ್ಲಿ ಅವಳು ಜ್ವರ ನೋಡಿಬಂದ ಮನೆಯೊಂದರ ಅಜ್ಜಿ ತೀರಿಕೊಂಡರು. "ರೋಗ ತಂದವಳು ನೀನೇ" ಎಂದರಂತೆ ಮನೆಯವರು. ಕಾಯಿಲೆ ಹೋಗಿ ವರ್ಷಗಳಾದರೂ ಅವಳು ಯಾರ ಮನೆಯ ಹೊಸಿಲನ್ನೂ ದಾಟಿರಲಿಲ್ಲ.

ಮಾತಾಡುತ್ತಿದ್ದ ಹಾಗೇ ಅಕಾಲದ ಮಳೆ ಹನಿಯಿತು.

"ಅಯ್ಯೋ ಅಕ್ಕ, ಕಾಫಿ!" ಎಂದು ಅವಳೇ ಗೇಟು ನೂಕಿಕೊಂಡು ಓಡಿಬಂದಳು. ಇಬ್ಬರೂ ಗುಡ್ಡೆ ಮಾಡಿ ಟಾರ್ಪಾಲು ಎಳೆಯುವಷ್ಟರಲ್ಲಿ ನೆನೆದು ತೊಪ್ಪೆಯಾಗಿದ್ದೆವು.

ಅತ್ತೆ ಬಾಗಿಲಿಗೆ ಬಂದು, "ಒಲೆ ಹತ್ರ ಬರ್ತೀಯೋ, ನಾನೂ ಹೊರಗೆ ಬಂದು ನೆನೀಲೋ?" ಎಂದರು.

ಅವಳು ಹೊಸಿಲ ಹತ್ತಿರ ನಿಂತಳು. "ನಿಮಗೇನಾದ್ರೂ ಆದ್ರೆ, ಅಮ್ಮಾ?"

"ಆದ್ರೆ ಮಾತ್ರೆ ಕೊಡೋಕೆ ನೀನಿದ್ದೀಯಲ್ಲ, ಬಾ."

ಬಂದಳು. ಮೂವರೂ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದೆವು. ಮಳೆ ನಿಲ್ಲುವ ಮೊದಲೇ ಅತ್ತೆಗೂ ನನಗೂ ತೂಕಡಿಕೆ ಬಂತು. ಆದರೆ ಒಲೆ ಪಕ್ಕದ ಗೋಡೆಗೊರಗಿ ಮೊದಲು ನಿದ್ದೆಹೋದವಳು ಅವಳೇ.