ಪೊರೆ ಹರಿದಾಗ ತಾಯಿ ಕಳಿಸಿದ ಕೈ

ಬನಶಂಕರಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, 2021ರ ಚಳಿಗಾಲದಲ್ಲಿ ಒಂದು ಸೀನಿಗೂ ಹೆದರಿ ಬದುಕಿದ ನನ್ನ ಮಾತು ಇದು.

ನಾನು ಗುಳೇದಗುಡ್ಡದವಳು, ನೆದರ್ಲೆಂಡ್ಸ್‌ನ ಹೂಫ್‌ಡಾರ್ಪ್‌ನಲ್ಲಿ ಎಂಜಿನಿಯರ್. ಮಗಳ ಹತ್ತನೇ ತರಗತಿಗಾಗಿ ಯಜಮಾನರು ಅವಳೊಂದಿಗೆ ಹುಬ್ಬಳ್ಳಿಯಲ್ಲಿದ್ದರು. ಕೊರೊನಾದಿಂದಾಗಿ ಆಫೀಸು ಮನೆಯಲ್ಲೇ. ಫೋನ್ ಬಿಟ್ಟರೆ ಎಷ್ಟೋ ದಿನ ಯಾರೊಂದಿಗೂ ಮಾತಿರುತ್ತಿರಲಿಲ್ಲ.

ಹಿಂದಿನ ವರ್ಷ ಮೇಲಿನ ದವಡೆಹಲ್ಲೊಂದು ಕೀವುಗಟ್ಟಿ ಕೀಳಿಸಿದ್ದೆ. ಅಲ್ಲಿ ಕೃತಕ ಹಲ್ಲಿನ ಇಂಪ್ಲಾಂಟ್ ಕೂರಿಸಲು ಮೂಳೆ ಸಾಲದು ಎಂದರು ಡಾಕ್ಟರು. ಕೆನ್ನೆಯೊಳಗಿನ ಸೈನಸ್ ಎಂಬ ಗಾಳಿಗೂಡಿನ ತಳದ ಪೊರೆಯನ್ನು ಮೆಲ್ಲಗೆ ಮೇಲೆತ್ತಿ, ಅದರ ಕೆಳಗೆ ಮೂಳೆಪುಡಿ ತುಂಬಬೇಕಂತೆ. "ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೆ ಪೊರೆ ಹರೀಬಹುದು, ಇನ್ಫೆಕ್ಷನ್ ಆಗಬಹುದು" ಎಂದು ಮುಚ್ಚಿಡದೆ ಹೇಳಿದರು.

ಜೊತೆಗೆ ಯಾರನ್ನೂ ಕರೆತರಬೇಡಿ ಎಂದು ಕ್ಲಿನಿಕ್ಕಿನಿಂದ ಸಂದೇಶ ಬಂತು. ಓದಿ ನಗು ಬಂತು. ಕರೆತರಲು ಯಾರಿದ್ದರು? ಖಾಲಿ ಬಸ್ಸಿನಲ್ಲಿ ಒಬ್ಬಳೇ ಹೋದೆ. ಕುರ್ಚಿಯಲ್ಲಿ ಒರಗಿ, "ಅವ್ವಾ ಬನಶಂಕರಿ, ಪೊರೆ ಹರಿಯದಂಗ ನೋಡ್ಕೊ" ಎಂದು ಬೇಡಿಕೊಂಡೆ.

ಹರಿಯಿತು.

"ಸಣ್ಣ ಹರಕು, ತೇಪೆ ಹಾಕಿದೀನಿ" ಎಂದರು ಡಾಕ್ಟರು. "ಮೂಗು ಸೀಟಬೇಡಿ. ಸೀನು ಬಂದ್ರೆ ಬಾಯಿ ತೆರೆದು ಸೀನಿ. ಕೆಲವು ವಾರ ವಿಮಾನ ಹತ್ತಬೇಡಿ. ಜ್ವರ ಬಂದ್ರೆ ತಕ್ಷಣ ಫೋನ್ ಮಾಡಿ."

ನಾಲ್ಕನೇ ದಿನ ಜ್ವರ ಬಂತು. ಮೂಗಿನಿಂದ ಕೆಟ್ಟ ವಾಸನೆಯ ನೀರು. ಫೋನ್ ಮಾಡಿದೆ. ಈ ಲಕ್ಷಣಗಳಿದ್ದರೆ ಮೊದಲು ಕೊರೊನಾ ಟೆಸ್ಟ್, ನೆಗೆಟಿವ್ ಬಂದ ಕೂಡಲೇ ಬನ್ನಿ ಎಂದರು. ಬಸ್ ಹತ್ತುವಂತಿರಲಿಲ್ಲ. ಟೆಸ್ಟಿಗೆ ಚಳಿಗಾಳಿಯಲ್ಲಿ ನಡೆದೇ ಹೋದೆ. ದಾರಿಯಲ್ಲಿ ಬಾಯಿ ತೆರೆದು ಸೀನಿದಾಗ, ಎದುರಿಗೆ ಬರುತ್ತಿದ್ದ ದಂಪತಿ ರಸ್ತೆ ದಾಟಿ ಆಚೆ ಹೋದರು.

ಮನೆಗೆ ಬಂದಾಗ ಊರಿನಿಂದ ಅವ್ವನ ಫೋನು.

"ಯವ್ವಾ, ದನಿ ಯಾಕ ಹಂಗಾಗೇತಿ?"

"ನೆಗಡಿ ಬೇ."

"ಹತ್ತರ ಯಾರರ ಅದಾರೇನು?"

"ಅದಾರ" ಎಂದು ಸುಳ್ಳು ಹೇಳಿದೆ.

ಫೋನಿಟ್ಟು ಬನಶಂಕರಿ ತಾಯಿಯ ಪಟದ ಮುಂದೆ ಕುಳಿತೆ. ಮೊದಲು ಸಿಟ್ಟು ಬಂತು: ಕೇಳಿದ್ದು ಒಂದು, ಅದನ್ನೂ ನಡೆಸಿಕೊಡಲಿಲ್ಲವಲ್ಲ! ಆಮೇಲೆ ಅಳು. "ಹಲ್ಲು ಹೋದ್ರ ಹೋಗ್ಲಿ. ನನ್ನ ಹತ್ತರ ಯಾರನ್ನರ ಒಬ್ಬರನ್ನ ಕಳಸು" ಎಂದೆ. ಇಷ್ಟು ವರ್ಷಗಳಲ್ಲಿ ಹಾಗೆ ಬೇಡಿದ್ದು ಅದೇ ಮೊದಲು.

ಮರುದಿನ ನೆಗೆಟಿವ್ ಎಂದು ಬಂತು. ಕ್ಲಿನಿಕ್ಕಿನವರು ಆಗಲೇ ಕರೆಸಿಕೊಂಡರು. ಡಾಕ್ಟರು ಗಾಯ ತೊಳೆಯಲು ಶುರುಮಾಡಿದಾಗ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದೆ. "ತಾಯಿ, ತಾಯಿ" ಎಂದು ಬಾಯಿಯೊಳಗೇ ಅನ್ನುತ್ತಿದ್ದೆ. ಪಕ್ಕದಲ್ಲಿದ್ದ ಸಹಾಯಕಿ ಬಗ್ಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಯಾರನ್ನ ಕರೀತಿದೀರಿ?"

"ನಮ್ಮ ದೇವಿನ."

ಆಕೆಯ ಎದೆಯ ಮೇಲಿನ ಪಟ್ಟಿಯಲ್ಲಿ ಸುಶೀಲಾ ಎಂದಿತ್ತು. "ನಾನು ಸುರಿನಾಮ್ ಕಡೆಯವಳು. ನಮ್ಮ ಹಿರಿಯರು ಹಿಂದೆ ಭಾರತದಿಂದ ಅಲ್ಲಿಗೆ ಹೋದವರು. ನಮ್ಮಜ್ಜಿ ದೇವಿನ ಮಾಯಿ ಅಂತ ಕರೀತಿದ್ರು. ನೀವು ಕರೀರಿ. ನಾನಿಲ್ಲೇ ಇದೀನಿ" ಎಂದು ನನ್ನ ಕೈ ಹಿಡಿದಳು.

ಹನ್ನೊಂದು ತಿಂಗಳಲ್ಲಿ ಚಿಕಿತ್ಸೆಗಲ್ಲದೆ ನನ್ನನ್ನು ಮುಟ್ಟಿದ ಮೊದಲ ಕೈ ಅದು. ಕೆಲಸ ಮುಗಿಯುವವರೆಗೂ ಬಿಡಲಿಲ್ಲ. ಕಣ್ಣೀರು ಕಿವಿಗೆ ಇಳಿಯಿತು. ನೋವಾಯಿತೇ ಎಂದು ಡಾಕ್ಟರು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

"ಬೇಗ ಬಂದ್ರಿ, ಒಳ್ಳೇದಾಯ್ತು. ಇನ್ನೂ ಹರಡಿಲ್ಲ" ಎಂದು ಮಾತ್ರೆ ಬರೆದುಕೊಟ್ಟರು. ಒಂದು ವಾರ ಸುಶೀಲಾ ದಿನಾ ಫೋನ್ ಮಾಡಿ ಜ್ವರ ವಿಚಾರಿಸಿದಳು. ತೇಪೆ ನಿಂತಿತು, ಮೂಳೆ ಗಟ್ಟಿಯಾಯಿತು. ಶರತ್ಕಾಲದಲ್ಲಿ ಇಂಪ್ಲಾಂಟ್ ಕೂರಿಸುವ ಹೊತ್ತಿಗೆ ಆಕೆ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದಳು.

ಇಂಥ ಚಿಕಿತ್ಸೆಗೆ ಹೋಗುವವರು ಡಾಕ್ಟರು ಹೇಳಿದ್ದನ್ನು ತಪ್ಪದೆ ಪಾಲಿಸಿ, ಜ್ವರ ಬಂದರೆ ಕಾಯಬೇಡಿ. ತಾಯಿಯನ್ನೂ ಕರೆಯಿರಿ. ಆಕೆ ಕೇಳಿದ್ದನ್ನೇ ಕೊಡದಿರಬಹುದು, ಕೈ ಮಾತ್ರ ಬಿಡುವುದಿಲ್ಲ. ಇದು ಈಗ ನನಗೆ ಖಾತ್ರಿ.

ವಿಮಾನ ಹತ್ತಲು ಅನುಮತಿ ಸಿಕ್ಕ ಮೇಲೆ ಊರಿಗೆ ಹೋಗಿ ಬನಶಂಕರಿಯ ಮುಂದೆ ನಿಂತೆ. ಯಾರ ಹೆಸರಿನಲ್ಲಿ ಪೂಜೆ ಎಂದು ಅರ್ಚಕರು ಕೇಳಿದರು.

"ಸುಶೀಲಾ."

"ಗೋತ್ರ?"

"ಗೊತ್ತಿಲ್ರಿ. ಭಾಳ ದೂರದಾಕಿ. ನಮ್ಮಾಕಿ."