ಮೂರು ದಿನದೊಳಗೆ ಉತ್ತರ

ಒಂದು ಕಡೆ ನಿಂತು ಪಾಠ ಮಾಡುವ ಜಾಯಮಾನ ನನ್ನದಲ್ಲ. ಸೊರಬದಿಂದ ಶಿಕಾರಿಪುರದ ಕಾಲೇಜಿಗೆ ಬರುವಾಗ ಬಸ್ಸಿನಲ್ಲಿ ಕೂತಷ್ಟು ಹೊತ್ತೂ, ಇವತ್ತು ಹುಡುಗರಿಂದ ಏನು ಮಾಡಿಸಲಿ ಎಂದು ತಲೆ ಗಿರಗಿರ ತಿರುಗುತ್ತಿತ್ತು. ಕಾರ್ಮಿಕ ಕಾನೂನನ್ನು ನೋಟ್ಸ್ ಬರೆಸಿ ಮುಗಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಹಾಗಾಗಿ ಒಂದು ಸೋಮವಾರ ಬಿ.ಕಾಂ. ಕೊನೆಯ ವರ್ಷದವರಿಗೆ ಹೇಳಿದೆ: “ಮನೇಲಿ ಯಾರಿಗಾದ್ರೂ ಕಾರ್ಖಾನೆಯಿಂದ ನೋಟಿಸ್ ಬಂದಿದ್ರೆ ತನ್ನಿ. ಅದನ್ನೇ ಇಟ್ಕೊಂಡು ಕ್ಲಾಸಲ್ಲಿ ವಿಚಾರಣೆ ನಡೆಸೋಣ.”

ಮರುದಿನ ತಾಳಗುಂದದ ಕಡೆಯ ಹುಡುಗಿಯೊಬ್ಬಳು ಕಾಗದ ಹಿಡಿದು ಬಂದಳು. ಅವಳ ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವರು. ಹೇಳದೆ ಎರಡು ದಿನ ಗೈರುಹಾಜರಾಗಿದ್ದೀರಿ, ಕೆಲಸದಿಂದ ಯಾಕೆ ತೆಗೆಯಬಾರದು, ಮೂರು ದಿನದೊಳಗೆ ಉತ್ತರ ಕೊಡಿ ಎಂದಿತ್ತು.

“ಮೆಕ್ಕೆಜೋಳದ ಮಿಷನ್ ನಮ್ ಕಣಕ್ಕೆ ಬಂದಿತ್ರೀ ಸರ್. ಬಿಟ್ರೆ ಮತ್ತೆ ನಮ್ ಪಾಳಿ ಯಾವಾಗ್ಲೋ. ಅವ್ವ ಕಂಪನಿ ಬಸ್ಸಿನಾಗೆ ಹೋಗೋರ ಕೈಲಿ ಹೇಳಿ ಕಳ್ಸಿದ್ಲು.”

ನಮ್ಮ ಕಡೆ ಹೇಳಿ ಕಳಿಸಿದರೆ ಆಯಿತು, ಅದೇ ರಜೆ ಅರ್ಜಿ. ಕಾರ್ಖಾನೆಗೆ ಬರಹ ಬೇಕು. ಆಹಾ, ಎಂಥ ಕೇಸು ಸಿಕ್ಕಿತು! “ಇದು ನನ್ನ ಹತ್ರ ಇರ್ಲಿ” ಎಂದು ಇಸಿದುಕೊಂಡೆ. ಅವಳ ಮುಖ ಅರಳಿತು.

ಆಮೇಲೆ ನಾನು ಕೂತಲ್ಲಿ ಕೂರಲಿಲ್ಲ. ವಿಚಾರಣಾಧಿಕಾರಿ ಯಾರು, ಸಾಕ್ಷಿ ಯಾರು, ಮೇಜು ಎಲ್ಲಿಡಬೇಕು, ಎಲ್ಲ ನನ್ನದೇ ಗಡಿಬಿಡಿ. ಶನಿವಾರ ವಾದ ಜೋರಾಗಿಯೇ ನಡೆಯಿತು. ಕೆಲಸಗಾರ್ತಿಯ ಪರವಾಗಿ ತೀರ್ಪು ಬಂತು, ಚಪ್ಪಾಳೆಯೂ ಬಿತ್ತು. ಎಲ್ಲರೂ ಹೋದ ಮೇಲೆ ಹುಡುಗಿ ಕೇಳಿದಳು.

“ಸರ್, ಉತ್ತರ ಬರ್ದ್ರಾ?”

“ಯಾವ ಉತ್ತರ?”

“ನೀವು ಬರ್ದು ಕೊಡ್ತೀರಿ ಅಂತ ಕಾಗದ ಕೊಟ್ಟಿದ್ದೆ. ನಿನ್ನೆಗೆ ಮೂರು ದಿನ ಮುಗೀತ್ರೀ.”

ಬ್ಯಾಗಿನಿಂದ ನೋಟಿಸು ತೆಗೆದು ತಾರೀಖು ನೋಡಿದೆ. “ನಿನ್ನೆನೇ ಕೇಳ್ಬಾರ್ದಿತ್ತಾ ಮಾರಾಯ್ತಿ!” ಎಂದು ಅವಳ ಮೇಲೆಯೇ ಹರಿಹಾಯ್ದೆ.

“ಮೇಷ್ಟ್ರಿಗೆ ಹೆಂಗ್ರೀ ಅವಸರ ಮಾಡೋದು?”

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ತಡವಾದದ್ದಕ್ಕೆ ಕಾರಣ ಹೇಳಬೇಕಾದಲ್ಲಿ ಪೆನ್ನು ನಿಂತಿತು. ನೋಟಿಸು ನನ್ನ ಬ್ಯಾಗಿನಲ್ಲಿತ್ತು ಎಂದು ಬರೆದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು.

“ಅವ್ವಗೆ ಆರಾಮಿರ್ಲಿಲ್ಲ ಅಂತ ಬರೀರಿ ಸರ್,” ಎಂದಳು ಹುಡುಗಿ. “ನಿಮ್ ಹೆಸರು ಬ್ಯಾಡ.”

ಥೂ ನನ್ನ ಜನ್ಮಕ್ಕೆ, ಹಾಗೆಯೇ ಬರೆದೆ.

ಸೋಮವಾರ ಕಾರ್ಖಾನೆಯವರು ಡಾಕ್ಟರ ಚೀಟಿ ಕೇಳಿದರಂತೆ. ಎಲ್ಲಿಂದ ತರಬೇಕು? ಗೈರುಹಾಜರಿಯ ಜೊತೆಗೆ ಸುಳ್ಳನ್ನೂ ಸೇರಿಸಿ ಆ ತಾಯಿಯನ್ನು ಕೆಲಸದಿಂದ ತೆಗೆದರು. ಸುಳ್ಳು ನನ್ನದು, ಅಕ್ಷರವೂ ನನ್ನದು.

ಮಂಗಳವಾರ ಹುಡುಗಿ ತರಗತಿಗೆ ಬಂದಳು. ಅವಳ ಕಡೆ ನೋಡಲಾಗದೆ ಬೋರ್ಡು ಒರೆಸುತ್ತ ನಿಂತಿದ್ದೆ. ಅವಳೇ ಹತ್ತಿರ ಬಂದಳು.

“ಅವ್ವ ನಿಮ್ಮನ್ನ ಭಾಳ ನೆನಸ್ತಾಳ್ರೀ ಸರ್. ಅಷ್ಟಾದ್ರೂ ಬರ್ದು ಕೊಟ್ರಲ್ಲ ಅಂತ.”